ಹಡಗು ಕಾರವಾರದ್ದು, ಇಂಜಿನ್ ಯಾರದ್ದು?

ಪ್ರಶ್ನೆ: ನಾನು ಅಂಕೋಲಾದಲ್ಲಿ ಹೈಸ್ಕೂಲು ಶಿಕ್ಷಕಿ. ನಮ್ಮ ಅಜ್ಜನ ಮನೆ, ಗದ್ದೆ ಅರಗಾದಲ್ಲಿತ್ತು. ಎಲ್ಲ ಸೀಬರ್ಡ್ ನೌಕಾನೆಲೆಗೆ ಹೋಯಿತು. "ದೇಶಕ್ಕೆ ಕೊಟ್ಟಿದ್ದೇವೆ" ಅಂತ ಅಜ್ಜ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಆದರೆ ಅಲ್ಲಿ ನಿಲ್ಲುವ ದೊಡ್ಡ ಹಡಗು ರಷ್ಯಾದಿಂದ ಬಂದದ್ದು, ಅದರ ಮೇಲಿನ ವಿಮಾನವೂ ರಷ್ಯಾದ್ದೇ. ಆ ರಷ್ಯಾ ಈಗ ತನ್ನ ಯುದ್ಧದಲ್ಲೇ ಮುಳುಗಿದೆ, ಚೀನಾಕ್ಕೆ ಹತ್ತಿರವಾಗಿದೆ. ಅಮೆರಿಕ ಒಂದು ಕಡೆ ಡ್ರೋನ್ ಮಾರುತ್ತದೆ, ಇನ್ನೊಂದು ಕಡೆ ಸುಂಕ ಹೇರುತ್ತದೆ. ಕುಮಟಾದಲ್ಲಿ ಸಿಗಡಿ ಸಾಕುವ ನಮ್ಮ ಮಾವನಿಗೆ ಅದರ ಬಿಸಿ ತಟ್ಟಿದೆ. ನಾವು ಯಾರನ್ನು ನಂಬಬೇಕು? ಎಲ್ಲವನ್ನೂ ನಾವೇ ಮಾಡಿಕೊಂಡರೆ ಆಗುವುದಿಲ್ಲವೇ? ಇನ್ನೊಂದು ಮಾತು: ನನ್ನ ತಮ್ಮ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸುತ್ತಿದ್ದಾನೆ. ಈ ಕ್ಷೇತ್ರಕ್ಕೆ ಬರಬೇಕಾದರೆ ಮುಂದೆ ಏನು ಕಲಿಯಬೇಕು?

ಉತ್ತರ: ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ನೆನಪಾಗಿದ್ದು ಕಾರವಾರದ ಬೈತಖೋಲ ಬಂದರಿನಲ್ಲಿ ಕಟ್ಟಿಹಾಕಿದ್ದ ಒಂದು ಪರ್ಸೀನ್ ಮೀನುಗಾರಿಕೆ ಬೋಟು.

ನಾಲ್ಕು ವರ್ಷದ ಹಿಂದಿನ ಆಗಸ್ಟ್. ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳೆಲ್ಲ ಪೂಜೆ ಮುಗಿಸಿ ಒಂದೊಂದಾಗಿ ಹೊರಬಿದ್ದಿದ್ದವು. ಇದೊಂದು ಮಾತ್ರ ದಕ್ಕೆಯಲ್ಲೇ ಇತ್ತು. ಇಂಜಿನ್ ಚೀನಾದ್ದು, ಗಟ್ಟಿಮುಟ್ಟಾಗಿಯೇ ಇತ್ತು. ಅದನ್ನು ತಂಪು ಮಾಡುವ ಉಪ್ಪುನೀರಿನ ಪಂಪಿನ ಶಾಫ್ಟು ಮಾತ್ರ ಮುರಿದಿತ್ತು. ಗೇಣುದ್ದದ, ಹೆಬ್ಬೆರಳು ದಪ್ಪದ ಒಂದು ಉಕ್ಕಿನ ಸರಳು. ಆ ಮಾದರಿ ಈಗ ಬರುತ್ತಿಲ್ಲ, ಸ್ಪೇರ್ ತರಿಸಲು ತಿಂಗಳುಗಟ್ಟಲೆ ಬೇಕು ಅಂತ ಮಾರಿದವರು ಕೈಚೆಲ್ಲಿದ್ದರು. ಬೋಟು ನಡೆಸುವ ತಾಂಡೇಲರು ಆ ಮುರಿದ ತುಂಡನ್ನು ಪೇಪರಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಬಿಚ್ಚಿ ನನ್ನ ಕೈಗೆ ಕೊಟ್ಟು, "ನೋಡಿ ಸರ್, ಇಪ್ಪತ್ತೈದು ಜನ ಇದಕ್ಕೆ ಕಾಯ್ತಾ ಕೂತಿದ್ದೇವೆ" ಅಂದರು.

ಹಡಗಿನ ಇಂಜಿನ್ ರಿಪೇರಿಯಲ್ಲಿ ಮೂವತ್ತು ವರ್ಷ ಕಳೆದು ಈಗ ಸಿರ್ಸಿ ಕಡೆ ಅಡಿಕೆ ಒಣಗಿಸುತ್ತಿರುವ ನನ್ನಂಥವನಿಗೆ ರಕ್ಷಣಾ ನೀತಿ ಅಂದರೆ ಹೆಚ್ಚುಕಮ್ಮಿ ಆ ತುಂಡೇ. ಯಾರನ್ನು ನಂಬಬೇಕು ಅಂತ ನೀವು ಕೇಳುತ್ತೀರಿ. ಯಾವ ತುಂಡು ಬರುವುದು ನಿಂತರೆ ಹಡಗು ಎಷ್ಟು ದಿನಕ್ಕೆ ದಕ್ಕೆ ಹಿಡಿಯುತ್ತದೆ ಅಂತ ನಾನು ಕೇಳುತ್ತೇನೆ. ನಂಬಿಕೆಯನ್ನು ಅಳೆಯಲು ಕೋಲಿಲ್ಲ, ದಿನಗಳನ್ನು ಎಣಿಸಬಹುದು.

ನಿಮ್ಮ ಅಜ್ಜನ ಊರಿನಿಂದಲೇ ಶುರು ಮಾಡೋಣ. 1971ರ ಯುದ್ಧದ ನಂತರ ನೌಕಾಪಡೆಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಮುಂಬಯಿ ಬಂದರು ಇಕ್ಕಟ್ಟು. ವ್ಯಾಪಾರದ ಹಡಗು, ಮೀನಿನ ಬೋಟು, ಯುದ್ಧನೌಕೆ ಎಲ್ಲ ಒಂದೇ ಬಾಗಿಲಲ್ಲಿ ನುಗ್ಗಬೇಕು. ಪಾಕಿಸ್ತಾನದ ವಿಮಾನಗಳಿಗೂ ಅದು ಹತ್ತಿರ. ಕಾರವಾರದಲ್ಲಿ ಆಳದ ನೀರಿದೆ, ಬೆನ್ನಿಗೆ ಗುಡ್ಡವಿದೆ, ಎದುರಿಗೆ ಅಂಜುದೀವ್‌ನಂಥ ದ್ವೀಪಗಳಿವೆ. ಅಡ್ಮಿರಲ್ ಡಾಸನ್ ನೌಕಾಪಡೆಯ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಈ ಯೋಚನೆ ಗಟ್ಟಿಯಾಯಿತು. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ನೆಲೆ ಉದ್ಘಾಟನೆ ಆಗಿದ್ದು 2005ರ ಮೇ 31ಕ್ಕೆ, ನಮ್ಮ ಬನವಾಸಿಯ ಕದಂಬರ ಹೆಸರಿನಲ್ಲಿ. ಆ ಹತ್ತೊಂಬತ್ತು ವರ್ಷದಲ್ಲಿ ಅರಗಾ, ಬಿಣಗಾ ಕಡೆಯ ಜನ ಪರಿಹಾರಕ್ಕಾಗಿ ಎಷ್ಟು ಕೋರ್ಟು ಮೆಟ್ಟಿಲು ಹತ್ತಿದರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಮಾತ್ರ ಹೇಳುತ್ತೇನೆ. ನಿಮ್ಮ ಅಜ್ಜ ಕೊಟ್ಟ ನೆಲಕ್ಕೆ ಸ್ಪೇರ್ ಪಾರ್ಟು ಬೇಡ. ಯಾವ ದೇಶ ಮುನಿಸಿಕೊಂಡರೂ ಆ ಗುಡ್ಡ, ಆ ಆಳದ ನೀರು ಅಲ್ಲೇ ಇರುತ್ತದೆ. ತೊಂದರೆ ಇರುವುದು ಅಲ್ಲಿಗೆ ಬಂದು ನಿಲ್ಲುವ ಹಡಗುಗಳಲ್ಲಿ.

ನೀವು ಹೇಳಿದ ದೊಡ್ಡ ಹಡಗು ವಿಕ್ರಮಾದಿತ್ಯ. ಅದನ್ನು ರಷ್ಯಾದಿಂದ ಕೊಂಡೆವು, ನಿಜ. ಕಟ್ಟಿದ್ದು ಮಾತ್ರ ಈಗಿನ ಉಕ್ರೇನಿನ ಮಿಕೊಲಾಯಿವ್ ಎಂಬ ಊರಿನಲ್ಲಿ. ಆಗ ಎಲ್ಲ ಸೋವಿಯತ್ ಒಕ್ಕೂಟ. 1987ರಲ್ಲಿ 'ಬಾಕು' ಎಂಬ ಹೆಸರಿನಲ್ಲಿ ಸೋವಿಯತ್ ನೌಕಾಪಡೆಗೆ ಸೇರಿದ ಹಡಗು. ಬಾಕು ಅಂದರೆ ಅಜರ್‌ಬೈಜಾನಿನ ರಾಜಧಾನಿ. ಒಕ್ಕೂಟ ಒಡೆಯುವ ಹೊತ್ತಿಗೆ ಹೆಸರು ಬದಲಾಗಿ 'ಅಡ್ಮಿರಲ್ ಗೋರ್ಷ್‌ಕೋವ್' ಆಯಿತು. ನೋಡಿ, ಹಡಗು ಒಂದೇ. ಕಟ್ಟಿದ ಊರು ಇನ್ನೊಂದು ದೇಶಕ್ಕೆ ಹೋಯಿತು, ಹೆಸರು ಕೊಟ್ಟ ಊರು ಮತ್ತೊಂದು ದೇಶಕ್ಕೆ ಹೋಯಿತು, ಹಡಗು ಮೂರನೆಯ ದೇಶದ ಪಾಲಿಗೆ ಉಳಿಯಿತು.

2004ರಲ್ಲಿ ಒಪ್ಪಂದ ಆಯಿತು. ಹಡಗು ಪುಕ್ಕಟೆ, ರಿಪೇರಿ ಖರ್ಚು 97.4 ಕೋಟಿ ಡಾಲರ್, 2008ಕ್ಕೆ ಕೈಗೆ. ಪುಕ್ಕಟೆ ಸಿಕ್ಕ ಹಳೇ ಮನೆ ರಿಪೇರಿ ಮಾಡಿಸಿದವರಿಗೆ ಮುಂದಿನ ಕಥೆ ಗೊತ್ತೇ ಇರುತ್ತದೆ. ಬಿಚ್ಚಿದ ಮೇಲೆ ಗೊತ್ತಾಯಿತು, ವೈರಿಂಗ್ ಎಲ್ಲ ಬದಲಿಸಬೇಕು ಅಂತ. ರಷ್ಯಾ ಹೆಚ್ಚು ದುಡ್ಡು ಕೇಳಿತು. ಜಗ್ಗಾಟ ನಡೆದು 2010ರಲ್ಲಿ ಲೆಕ್ಕ 230 ಕೋಟಿ ಡಾಲರ್ ದಾಟಿತು. 2012ರ ಸಾಗರ ಪರೀಕ್ಷೆಯಲ್ಲಿ ಎಂಟು ಬಾಯ್ಲರ್‌ಗಳಲ್ಲಿ ಏಳು ಕೈಕೊಟ್ಟವು. ಕೊನೆಗೆ 2013ರ ನವೆಂಬರ್‌ನಲ್ಲಿ ಹಸ್ತಾಂತರವಾಗಿ, 2014ರ ಜನವರಿ ಮೊದಲ ವಾರ ಕಾರವಾರಕ್ಕೆ ಬಂತು. ನೀವು ಆಗ ಬೀಚಿನಲ್ಲಿ ನಿಂತು ನೋಡಿರಬಹುದು.

ರಷ್ಯಾ ಮೋಸ ಮಾಡಿತು ಅಂತ ಹೇಳುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಅಷ್ಟು ದೊಡ್ಡ ವಿಮಾನವಾಹಕ ಹಡಗನ್ನು ನಮಗೆ ಮಾರಲು ಆಗ ಬೇರೆ ಯಾರೂ ಸಿದ್ಧರಿರಲಿಲ್ಲ. ಒಬ್ಬನೇ ಅಂಗಡಿಯವನಿದ್ದಾಗ ಚೌಕಾಸಿ ನಡೆಯುವುದಿಲ್ಲ. ಅರ್ಧ ದುಡ್ಡು ಕೊಟ್ಟು, ಹಡಗಿನ ಹೊಟ್ಟೆ ಬಿಚ್ಚಿಟ್ಟ ಮೇಲೆ ಎದ್ದು ಹೋಗುವುದಕ್ಕೂ ಆಗುವುದಿಲ್ಲ. ವಿಮಾನಗಳದ್ದೂ ಇದೇ ಪಾಡು. ಮಿಗ್-29ಕೆ 45 ಕೊಂಡೆವು. ಅವುಗಳಲ್ಲಿ ಹಾರಲು ಸಿದ್ಧವಿದ್ದವು ಒಂದೊಂದು ಕಾಲದಲ್ಲಿ ಶೇಕಡಾ 16ರಿಂದ 38ರೊಳಗೆ ಮಾತ್ರ ಅಂತ 2016ರಲ್ಲಿ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ವರದಿ ಹೇಳಿತು. ಇಂಜಿನ್ ತೊಂದರೆ ಅದಕ್ಕೆ ದೊಡ್ಡ ಕಾರಣ. ಇನ್ನೊಂದು ಹುಳಿ ಸಂಗತಿ ಇದೆ. ಪಾಕಿಸ್ತಾನದ ಜೆಎಫ್-17 ವಿಮಾನಕ್ಕೆ ಹಾಕಿರುವುದು ಇದೇ ಇಂಜಿನ್ನಿನ ದಾಯಾದಿ. ಮಾಡಿದ್ದು ಅದೇ ರಷ್ಯಾ. ಅಂಗಡಿ ಇಟ್ಟವನು ಎಲ್ಲರಿಗೂ ಮಾರುತ್ತಾನೆ.

ಆದರೆ ಗೆಳೆಯ ಬದಲಾಗುವುದು ಅಂದರೆ ಏನು ಅಂತ ನಾನು ಮಕ್ಕಳಿಗೆ ಹೇಳಬೇಕಾದರೆ ವಿಕ್ರಮಾದಿತ್ಯದ ಬದಲು ತುಶಿಲ್ ಎಂಬ ಯುದ್ಧನೌಕೆಯನ್ನು ತೋರಿಸುತ್ತೇನೆ. 2025ರ ಫೆಬ್ರವರಿಯಲ್ಲಿ ಕಾರವಾರಕ್ಕೆ ಬಂತು, ಅದರ ತವರು ಬಂದರು ಇದೇ. ಇದು ರಷ್ಯಾ ತನ್ನ ನೌಕಾಪಡೆಗೆ ಕಟ್ಟಲು ಶುರು ಮಾಡಿದ ಹಡಗು. ಒಡಲು ರಷ್ಯಾದ ಕಲಿನಿನ್‌ಗ್ರಾಡ್‌ನದ್ದು. ಅದನ್ನು ಓಡಿಸುವ ಇಂಜಿನ್, ಅಂದರೆ ಗ್ಯಾಸ್ ಟರ್ಬೈನ್, ಬರಬೇಕಾದದ್ದು ಉಕ್ರೇನಿನ ಮಿಕೊಲಾಯಿವ್‌ನಿಂದ, ಅದೇ ವಿಕ್ರಮಾದಿತ್ಯ ಹುಟ್ಟಿದ ಊರು. 2014ರಲ್ಲಿ ರಷ್ಯಾ ಕ್ರೈಮಿಯಾವನ್ನು ನುಂಗಿತು. ನಿಮಗೆ ಇಂಜಿನ್ ಕೊಡುವುದಿಲ್ಲ ಅಂತ ಉಕ್ರೇನ್ ಹೇಳಿತು. ಅಷ್ಟು ದೊಡ್ಡ ರಷ್ಯಾ, ಇಂಜಿನ್ ಇಲ್ಲದ ಹಡಗುಗಳನ್ನು ಇಟ್ಟುಕೊಂಡು ಸುಮ್ನೆ ಕೂತಿತು. ಬೈತಖೋಲದ ನಮ್ಮ ತಾಂಡೇಲರ ಹಾಗೆಯೇ.

ಆಗ ಭಾರತ ಒಂದು ವಿಚಿತ್ರ ವ್ಯವಹಾರ ಮಾಡಿತು. ಇಂಜಿನ್ನನ್ನು ತಾನೇ ಉಕ್ರೇನಿನಿಂದ ಕೊಂಡು ರಷ್ಯಾದ ಕೈಗೆ ಒಪ್ಪಿಸಿ, ಹಡಗು ಮುಗಿಸಿ ಕೊಡಿ ಅಂದಿತು. ಜಗಳವಾಡಿಕೊಂಡ ಅಣ್ಣತಮ್ಮಂದಿರ ನಡುವೆ ಪಕ್ಕದ ಮನೆಯವರು ಪಾತ್ರೆ ಸಾಗಿಸಿದ ಹಾಗೆ. ಹಡಗು ಕಟ್ಟುತ್ತಿರುವಾಗಲೇ 2022ರಲ್ಲಿ ಪೂರ್ಣ ಯುದ್ಧ ಶುರುವಾಯಿತು, ಮಿಕೊಲಾಯಿವ್ ಮೇಲೆ ರಷ್ಯಾದ ಕ್ಷಿಪಣಿಗಳು ಬಿದ್ದವು. ಕೊನೆಗೂ 2024ರ ಡಿಸೆಂಬರ್ 9ಕ್ಕೆ ತುಶಿಲ್ ನೌಕಾಪಡೆಗೆ ಸೇರಿತು, 2025ರ ಜುಲೈ 1ಕ್ಕೆ ಅದರ ಜೋಡಿ ತಮಾಲ್. ಇದೇ ಬಗೆಯ ಇನ್ನೆರಡು ಹಡಗುಗಳು ನಮ್ಮ ಪಕ್ಕದ ಗೋವಾ ಶಿಪ್‌ಯಾರ್ಡ್‌ನಲ್ಲಿ ಆಗುತ್ತಿವೆ. ಅವಕ್ಕೂ ಉಕ್ರೇನಿನದೇ ಟರ್ಬೈನು. ದಿಲ್ಲಿ, ಕೋಲ್ಕತ್ತಾ, ವಿಶಾಖಪಟ್ಟಣ ಹೆಸರಿನ ನಮ್ಮ ವಿಧ್ವಂಸಕ ನೌಕೆಗಳ ಹೊಟ್ಟೆಯಲ್ಲೂ ಅದೇ ಊರಿನ ಯಂತ್ರ. ಕಾರವಾರದ ಮಕ್ಕಳಿಗೆ ಲಂಡನ್, ನ್ಯೂಯಾರ್ಕ್ ಗೊತ್ತು. ನಮ್ಮ ಹಡಗು ನಿಂತಿರುವುದು ಮಿಕೊಲಾಯಿವ್ ಮೇಲೆ.

ಹಾಗಾದರೆ ಸೋವಿಯತ್ ಜೊತೆ ಸೇರಿದ್ದೇ ತಪ್ಪಾಯಿತಾ? ಇಲ್ಲ. ಅದನ್ನು ಈಗ ಕೂತು ಹೇಳುವುದು ಸುಲಭ. 1965ರ ಯುದ್ಧದಲ್ಲಿ ಅಮೆರಿಕ ಎರಡೂ ಕಡೆಗೆ ಶಸ್ತ್ರ ನಿಲ್ಲಿಸಿತು. 1971ರ ಆಗಸ್ಟ್ 9ಕ್ಕೆ ನಾವು ಸೋವಿಯತ್ ಜೊತೆ ಒಪ್ಪಂದ ಮಾಡಿಕೊಂಡೆವು. ಡಿಸೆಂಬರ್‌ನಲ್ಲಿ ಅಮೆರಿಕ ಎಂಟರ್‌ಪ್ರೈಸ್ ವಿಮಾನವಾಹಕವನ್ನು ಬಂಗಾಳ ಕೊಲ್ಲಿಗೆ ಕಳಿಸಿದಾಗ ವಿಶ್ವಸಂಸ್ಥೆಯಲ್ಲಿ ವಿಟೋ ಹಾಕಿ ನಿಂತವರು ಸೋವಿಯತ್‌ನವರು. ಅಣು ಜಲಾಂತರ್ಗಾಮಿಯನ್ನು ಬೇರೆ ಯಾವ ದೇಶ ಬಾಡಿಗೆಗೆ ಕೊಡುತ್ತದೆ ಹೇಳಿ? 1988ರಲ್ಲಿ ಚಕ್ರ ಹೆಸರಿನಲ್ಲಿ ಅದನ್ನೂ ಕೊಟ್ಟರು. ಅವರು ಒಳ್ಳೆಯ ಗೆಳೆಯರೇ ಆಗಿದ್ದರು. ಆಮೇಲೆ 1991ರಲ್ಲಿ ಆ ಗೆಳೆಯನ ಮನೆಯೇ ಪಾಲಾಯಿತು. ಪಾಲಾದ ಮನೆಯಲ್ಲಿ ಒರಳು ಒಬ್ಬನಿಗೆ, ಒನಕೆ ಇನ್ನೊಬ್ಬನಿಗೆ ಅನ್ನುವ ಹಾಗೆ ಕಾರ್ಖಾನೆಗಳು ಬೇರೆ ಬೇರೆ ದೇಶಕ್ಕೆ ಹೋದವು.

ನಾನು ಆಗಿನ್ನೂ ಕೆಲಸಕ್ಕೆ ಹೊಸಬ. ಒಂದು ಪಂಪಿನ ಸೀಲು ಬೇಕಾಗಿತ್ತು. ಸ್ಟೋರಿನಿಂದ ಮರದ ಪೆಟ್ಟಿಗೆ ತಂದರು. ಮೇಲೆ ರಷ್ಯನ್ ಅಕ್ಷರ, ಒಳಗೆ ಗ್ರೀಸ್ ಹಚ್ಚಿದ ಕಂದು ಕಾಗದ, ಅದರೊಳಗೆ ಕರಿ ರಬ್ಬರಿನ ಬಳೆಯಂಥ ಉಂಗುರ. ನೋಡಲು ಹೊಸದು. ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದೆ, ಹಪ್ಪಳದ ಹಾಗೆ ಬಿರುಕು ಬಿಟ್ಟಿತು. ರಬ್ಬರಿಗೆ ಆಯುಸ್ಸಿದೆ, ಬಳಸದೆ ಇಟ್ಟರೂ ಹಾಳಾಗುತ್ತದೆ. ಹೊಸದು ಬೇಕು ಅಂತ ಬರೆದರೆ, ಮಾಡುತ್ತಿದ್ದ ಕಾರ್ಖಾನೆ ಈಗ ಯಾವ ದೇಶದಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸವಾಗಿತ್ತು. ಹತ್ತು ವರ್ಷಕ್ಕಾಗುವಷ್ಟು ಸ್ಪೇರ್ ಒಂದೇ ಸಲ ತಂದಿಟ್ಟರೆ ಆಯಿತಲ್ಲ ಅಂತ ಕೆಲವರು ಹೇಳುತ್ತಾರೆ. ಅವರಿಗೆ ನಾನು ಆ ಉಂಗುರದ ಕಥೆ ಹೇಳುತ್ತೇನೆ.

ಗೆಳೆಯನಿಗೆ ಕೊಡುವ ಮನಸ್ಸಿದ್ದೂ ಮೂರನೆಯವನು ಕೈ ಹಿಡಿಯುವುದೂ ಉಂಟು. ಕ್ರಯೋಜೆನಿಕ್ ರಾಕೆಟ್ ಇಂಜಿನ್ನಿನ ತಂತ್ರಜ್ಞಾನ ಕೊಡುತ್ತೇವೆ ಅಂದಿದ್ದ ರಷ್ಯಾ, 1993ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ಬರೀ ತಯಾರಾದ ಇಂಜಿನ್ ಕೊಟ್ಟು ಕೈತೊಳೆದುಕೊಂಡಿತು. 1998ರಲ್ಲಿ ಪೋಖ್ರಾನ್ ಸ್ಫೋಟದ ನಂತರ ಅಮೆರಿಕ ನಿರ್ಬಂಧ ಹಾಕಿದಾಗ ನಮ್ಮ ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್‌ಗಳಿಗೆ ಬಿಡಿಭಾಗ ನಿಂತಿತು. ಅವನ್ನು ಕೊಂಡದ್ದು ಬ್ರಿಟನ್ನಿನಿಂದ! ಒಳಗೆ ಅಮೆರಿಕದ ಭಾಗಗಳಿದ್ದವು, ಅಷ್ಟೇ ಸಾಕಾಯಿತು. ಬಿಲ್ಲಿನಲ್ಲಿ ಇಲ್ಲದ ಹೆಸರು ಯಂತ್ರದೊಳಗೆ ಕೂತಿರುತ್ತದೆ.

ಇದೆಲ್ಲ ಈಗಿನ ಕಾಲದ ಕಾಯಿಲೆ ಅಂದುಕೊಳ್ಳಬೇಡಿ. ವಿಜಯನಗರದ ಅರಸರಿಗೆ ಯುದ್ಧದ ಕುದುರೆ ಅರಬ್ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. ನಮ್ಮ ಹವೆಗೆ ಒಳ್ಳೆಯ ತಳಿ ಬಾಳುತ್ತಿರಲಿಲ್ಲ. ಇಳಿಯುತ್ತಿದ್ದದ್ದು ನಮ್ಮ ಭಟ್ಕಳ, ಹೊನ್ನಾವರದ ರೇವಿನಲ್ಲೇ. ಪೋರ್ಚುಗೀಸರು ಬಂದು ಗೋವಾ ಹಿಡಿದು ಸಮುದ್ರದ ದಾರಿಗೆ ಕೂತ ಮೇಲೆ, ಕುದುರೆಗಾಗಿ ಅವರ ಜೊತೆ 1547ರಲ್ಲಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಆಗಿನ ಸೈನ್ಯಕ್ಕೆ ಕುದುರೆ ಅಂದರೆ ಈಗಿನ ಗ್ಯಾಸ್ ಟರ್ಬೈನೇ ಅಲ್ವಾ? ಮುಂದೆ 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದ. ಜೊತೆಗೆ ಫ್ರೆಂಚ್ ಪಡೆ. ಮುತ್ತಿಗೆ ನಡೆದಿರುವಾಗಲೇ ಯುರೋಪಿನಲ್ಲಿ ಫ್ರಾನ್ಸೂ ಬ್ರಿಟನ್ನೂ ಸಂಧಿ ಮಾಡಿಕೊಂಡ ಸುದ್ದಿ ಬಂತು. ಫ್ರೆಂಚರು ಕಂದಕ ಬಿಟ್ಟು ಎದ್ದು ಹೋದರು. ಅವರಿಗೆ ಟಿಪ್ಪು ಮೇಲೆ ಸಿಟ್ಟೇನೂ ಇರಲಿಲ್ಲ, ಅವರ ದೊರೆಯ ಲೆಕ್ಕ ಬೇರೆಯಾಗಿತ್ತು.

2025ರ ಮಾರ್ಚ್‌ನಲ್ಲಿ ಉಕ್ರೇನಿಗೂ ಅದೇ ಆಯಿತು. ಎರಡೂ ದೇಶದ ಅಧ್ಯಕ್ಷರ ನಡುವೆ ಮಾತು ಕೆಟ್ಟಿತು, ಅಮೆರಿಕ ಕೆಲವು ದಿನ ಶಸ್ತ್ರವನ್ನೂ ಗುಪ್ತ ಮಾಹಿತಿಯನ್ನೂ ನಿಲ್ಲಿಸಿತು. ಒಂದು ವಾರದ ಮೇಲೆ ಮತ್ತೆ ಕೊಟ್ಟಿತು ಅನ್ನಿ. ಯುದ್ಧದಲ್ಲಿ ಒಂದು ವಾರ ಅಂದರೆ ಬಹಳ. ಅಣ್ವಸ್ತ್ರ ಬಿಟ್ಟುಕೊಟ್ಟರೆ ನಿಮ್ಮ ಗಡಿಗೆ ನಾವು ಗೌರವ ಕೊಡುತ್ತೇವೆ ಅಂತ 1994ರಲ್ಲಿ ಉಕ್ರೇನಿಗೆ ಬರೆದುಕೊಟ್ಟವರಲ್ಲಿ ರಷ್ಯಾವೂ ಇತ್ತು, ಅಮೆರಿಕವೂ ಇತ್ತು.

ಅಮೆರಿಕದ ವಿಷಯಕ್ಕೆ ಬಂದೆ. 2025ರ ಆಗಸ್ಟ್‌ನಲ್ಲಿ ನಮ್ಮ ಸರಕಿನ ಮೇಲೆ ಸುಂಕ ಶೇಕಡಾ 50ಕ್ಕೆ ಏರಿತು. ಆ ಸುಂಕದಲ್ಲಿ ಅರ್ಧ, ರಷ್ಯಾದ ಎಣ್ಣೆ ಕೊಂಡಿದ್ದಕ್ಕೆ ಹಾಕಿದ ದಂಡ. ಭಾರತದ ಸಿಗಡಿಗೆ ಅಮೆರಿಕವೇ ದೊಡ್ಡ ಮಾರುಕಟ್ಟೆ, ಹಾಗಾಗಿ ಅಘನಾಶಿನಿ ದಂಡೆಯಲ್ಲಿ ಸಿಗಡಿ ಬೆಳೆಸುವ ನಿಮ್ಮ ಮಾವನಿಗೆ ಬಿಸಿ ತಟ್ಟಿದ್ದು ಸಹಜ. ತಮಾಷೆ ಏನೆಂದರೆ, ಅದೇ ವರ್ಷದ ಅಕ್ಟೋಬರ್ ಕೊನೆಗೆ ಎರಡೂ ದೇಶದ ರಕ್ಷಣಾ ಮಂತ್ರಿಗಳು ಹತ್ತು ವರ್ಷದ ಸಹಕಾರಕ್ಕೆ ಸಹಿ ಹಾಕಿದರು. ನವೆಂಬರ್‌ನಲ್ಲಿ ನಮ್ಮ ತೇಜಸ್ ಯುದ್ಧವಿಮಾನಕ್ಕೆ ಇನ್ನೂ 113 ಅಮೆರಿಕನ್ ಇಂಜಿನ್ ಕೊಳ್ಳಲು, ಆ ವಿಮಾನ ಕಟ್ಟುವ ಸರ್ಕಾರಿ ಕಂಪನಿ ಎಚ್‌ಎಎಲ್ ಸಹಿ ಮಾಡಿತು. ಸಿಗಡಿಗೆ ಒಂದು ಬಾಗಿಲು, ಇಂಜಿನ್ನಿಗೆ ಇನ್ನೊಂದು. ಎರಡೂ ಒಂದೇ ಮನೆಯ ಬಾಗಿಲು ಅನ್ನುವುದೇ ನನಗಿರುವ ಚಿಂತೆ.

ನಮ್ಮವರು ಸುಮ್ನೆ ಕೂತಿಲ್ಲ. ಜಗತ್ತಿನ ಶಸ್ತ್ರ ವ್ಯಾಪಾರದ ಲೆಕ್ಕ ಇಡುವ ಸಿಪ್ರಿ ಸಂಸ್ಥೆ ಪ್ರಕಾರ, ನಾವು ಹೊರಗಿನಿಂದ ತರುವ ಶಸ್ತ್ರದಲ್ಲಿ ರಷ್ಯಾದ ಪಾಲು 2010-14ರಲ್ಲಿ ಶೇಕಡಾ 72 ಇತ್ತು. 2015-19ಕ್ಕೆ 55 ಆಯಿತು, 2020-24ಕ್ಕೆ 36. ಆ ಅವಧಿಯಲ್ಲಿ ಫ್ರಾನ್ಸ್ 33ಕ್ಕೆ ಬಂದು ಪಕ್ಕದಲ್ಲೇ ನಿಂತಿತ್ತು. 2025ರ ಏಪ್ರಿಲ್‌ನಲ್ಲಿ ನೌಕಾಪಡೆಗೆ ಫ್ರಾನ್ಸಿನ 26 ರಫೇಲ್ ವಿಮಾನ ಕೊಳ್ಳಲು ಒಪ್ಪಂದವಾಯಿತು, ಬೆಲೆ ಸುಮಾರು 63,000 ಕೋಟಿ ರೂಪಾಯಿ. ಒಬ್ಬನನ್ನೇ ನೆಚ್ಚಿಕೊಳ್ಳುವುದು ತಪ್ಪಿತು, ಒಳ್ಳೆಯದೇ. ಆದರೆ ರಿಪೇರಿ ಮಾಡುವವನ ಕಣ್ಣಿಂದ ನೋಡಿ. ರಷ್ಯಾದ ನಟ್ಟು ಒಂದು ಅಳತೆ, ಫ್ರಾನ್ಸಿನದು ಇನ್ನೊಂದು, ಅಮೆರಿಕದವರು ಇವತ್ತಿಗೂ ಇಂಚಿನಲ್ಲೇ ಇದ್ದಾರೆ. ಎಣ್ಣೆ ಬೇರೆ, ಪರೀಕ್ಷೆ ಮಾಡುವ ಯಂತ್ರ ಬೇರೆ, ತರಬೇತಿ ಬೇರೆ. ನಾಲ್ಕು ಅಂಗಡಿಯಲ್ಲಿ ಖಾತೆ ಇಟ್ಟರೆ ನಾಲ್ಕೂ ಕಡೆ ಬಾಕಿ ಬೆಳೆಯುತ್ತದೆ.

ಆದರೂ ನಾನು ನಾಲ್ಕು ಅಂಗಡಿಯ ಪರ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ರಾತ್ರಿ ಕುಸಿದು ಬಿತ್ತಲ್ಲ, ಆಗ ಗೋವಾ ರಸ್ತೆ ಉಳಿದದ್ದು ಪಕ್ಕದಲ್ಲಿ ಹೊಸ ಸೇತುವೆ ಇತ್ತು ಅಂತ. ಎರಡನೇ ಸೇತುವೆ ಕಟ್ಟುವಾಗ ಇದು ದಂಡದ ಖರ್ಚು ಅಂದವರ ಮಾತು ನಾನೇ ಕಿವಿಯಾರೆ ಕೇಳಿದ್ದೇನೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಎಲ್ಲ ನಾವೇ ಮಾಡಿಕೊಂಡರೆ ಆಗುವುದಿಲ್ಲವೇ? ಆಗುತ್ತದೆ, ಆದರೆ ಯಾವುದನ್ನು ಅಂತ ಆರಿಸಬೇಕು. ನಾವೇ ಕಟ್ಟಿದ ವಿಮಾನವಾಹಕ, ಹೊಸ ವಿಕ್ರಾಂತ್ ನೋಡಿ. ಅದರ ಉಕ್ಕು ರಷ್ಯಾದಿಂದ ಬರಬೇಕಿತ್ತು, ಬರುವುದು ತಡವಾಯಿತು. ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯವೂ ಸರ್ಕಾರಿ ಉಕ್ಕಿನ ಕಂಪನಿ ಸೈಲ್ ಕೂಡ ಸೇರಿ ಆ ಉಕ್ಕನ್ನು ಇಲ್ಲೇ ಮಾಡಿದರು. ಭಿಲಾಯಿ, ಬೊಕಾರೋ, ರೂರ್ಕೆಲಾದಿಂದ ಸುಮಾರು 30,000 ಟನ್ ಹೋಯಿತು. 2022ರ ಸೆಪ್ಟೆಂಬರ್ 2ಕ್ಕೆ ಹಡಗು ಸೇವೆಗೆ ಬಂತು. ಈಗ ಬೇರೆ ಯುದ್ಧನೌಕೆಗಳಿಗೂ ಅದೇ ಉಕ್ಕು. ನನ್ನ ಮಟ್ಟಿಗೆ ಇದು ಹಡಗು ಕಟ್ಟಿದ್ದಕ್ಕಿಂತ ದೊಡ್ಡ ಕೆಲಸ. ಆದರೆ ಆ ವಿಕ್ರಾಂತ್‌ನ ಹೊಟ್ಟೆಯಲ್ಲಿ ಇರುವ ನಾಲ್ಕು ಗ್ಯಾಸ್ ಟರ್ಬೈನ್ ಅಮೆರಿಕದ ಜಿಇ ಕಂಪನಿಯವು. ಜೋಡಿಸಿದ್ದು ಬೆಂಗಳೂರಿನ ಎಚ್‌ಎಎಲ್, ವಿನ್ಯಾಸ ಅವರದ್ದು. ತೇಜಸ್ ಕಥೆಯೂ ಅದೇ. 2021ರಲ್ಲಿ 83 ವಿಮಾನಕ್ಕೆ ಆರ್ಡರ್ ಬಿತ್ತು, 99 ಇಂಜಿನ್ನಿಗೆ ಹೇಳಿದರು. ಮೊದಲ ಇಂಜಿನ್ ಬಂದದ್ದು 2025ರ ಮಾರ್ಚ್‌ನಲ್ಲಿ. ಅಲ್ಲಿ ಯಾವ ರಾಜಕೀಯವೂ ಇರಲಿಲ್ಲ, ಅವರ ಉತ್ಪಾದನೆ ಸಾಲು ತಡವಾಯಿತು, ಅಷ್ಟೇ. ವಿಮಾನದ ಒಡಲು ಬೆಂಗಳೂರಿನಲ್ಲಿ ಇಂಜಿನ್ನಿಗಾಗಿ ಕಾಯಿತು.

ನಮ್ಮದೇ ಕಾವೇರಿ ಇಂಜಿನ್ ಯೋಜನೆ ಬೆಂಗಳೂರಿನಲ್ಲಿ 1989ರಲ್ಲಿ ಶುರುವಾಯಿತು. ತೇಜಸ್‌ಗೆ ಬೇಕಾದಷ್ಟು ಬಲ ಬರಲಿಲ್ಲ, 2008ರಲ್ಲಿ ಎರಡನ್ನೂ ಬೇರೆ ಮಾಡಿದರು. ಇದಕ್ಕೆ ವಿಜ್ಞಾನಿಗಳನ್ನು ಬೈಯುವುದು ಫ್ಯಾಷನ್ ಆಗಿದೆ. ಜೆಟ್ ಇಂಜಿನ್ನಿನ ಬ್ಲೇಡು ತನ್ನ ಲೋಹ ಕರಗುವ ಬಿಸಿಗಿಂತ ಜಾಸ್ತಿ ಬಿಸಿಯ ಗಾಳಿಯಲ್ಲಿ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಾ ಬದುಕಬೇಕು. ಅದನ್ನು ಕಲಿತಿರುವ ದೇಶಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಕಲಿಯುವುದಕ್ಕೆ ಅವರು ಹಾಳು ಮಾಡಿದ ಇಂಜಿನ್‌ಗಳ ಲೆಕ್ಕಕ್ಕೆ ಹೋಲಿಸಿದರೆ ನಾವು ಹಾಳು ಮಾಡಿದ್ದು ಬಹಳ ಕಮ್ಮಿ. ದುಡ್ಡು ಕಮ್ಮಿ ಕೊಟ್ಟೆವು, ಪರೀಕ್ಷೆ ಮಾಡುವ ಸೌಲಭ್ಯ ಇಲ್ಲೇ ಕಟ್ಟಲಿಲ್ಲ, ಬೇಗ ಬೇಸರಪಟ್ಟೆವು. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಬೇಸರಪಡದೆ ಇದ್ದರೆ ಏನಾಗುತ್ತದೆ ಅಂತ ನೋಡಲು ನೀವು ದೂರ ಹೋಗಬೇಕಿಲ್ಲ. ನಮ್ಮ ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಸ್ಥಾವರ ಇದೆ. ನೀವು ವಿರೋಧಿಸಿದವರ ಪೈಕಿಯೋ ಏನೋ. ಆ ಜಗಳ ಇಲ್ಲಿ ಬೇಡ. ರಾಜಸ್ಥಾನದಲ್ಲಿ ಕೆನಡಾದ ನೆರವಿನಿಂದ ಎರಡು ರಿಯಾಕ್ಟರ್ ಕಟ್ಟುತ್ತಿದ್ದೆವು. ಒಂದು ಮುಗಿದಿತ್ತು. 1974ರಲ್ಲಿ ನಾವು ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ಮಾಡಿದೆವು, ಕೆನಡಾದವರು ಎರಡನೆಯದನ್ನು ಅರ್ಧಕ್ಕೆ ಬಿಟ್ಟು ಗಂಟು ಕಟ್ಟಿದರು. ಅದನ್ನು ನಮ್ಮವರೇ ಮುಗಿಸಿದರು. 1981 ಆಯಿತು, ಅಂದರೆ ಏಳು ವರ್ಷ. ಆದರೆ ಆ ಏಳು ವರ್ಷದಲ್ಲಿ ಕಲಿತದ್ದು ಕೈಯಲ್ಲಿ ಉಳಿಯಿತು. ಅದೇ ವಂಶದ 220 ಮೆಗಾವಾಟಿನ ನಾಲ್ಕು ಘಟಕ ಇವತ್ತು ಕೈಗಾದಲ್ಲಿವೆ. ಮೊದಲ ಘಟಕ 2018ರ ಕೊನೆಯ ತನಕ 962 ದಿನ ಒಂದೇ ಸಮನೆ ಓಡಿ ಜಗತ್ತಿನ ದಾಖಲೆ ಮಾಡಿತು. ಆಮೇಲೆ ಆ ದಾಖಲೆ ಮುರಿದದ್ದು ಯಾರು ಗೊತ್ತಾ? ಕೆನಡಾದ್ದೇ ಒಂದು ರಿಯಾಕ್ಟರ್.

ಎಲ್ಲ ಕಡೆ ಈ ಕೈಗಾ ದಾರಿ ಹಿಡಿಯುತ್ತೇವೆ ಅಂದರೆ ಮಾತ್ರ ದಿವಾಳಿ ಏಳಬೇಕಾಗುತ್ತದೆ. ಹಡಗಿನ ಹಾಸಿಗೆಯಿಂದ ಹಿಡಿದು ರಡಾರ್ ತನಕ ಎಲ್ಲವೂ ಸ್ವದೇಶಿಯೇ ಆಗಬೇಕು ಅನ್ನುವ ಹಟ ನನಗಿಲ್ಲ. ಶೇಕಡಾ 76 ಸ್ವದೇಶಿ, ಶೇಕಡಾ 80 ಸ್ವದೇಶಿ ಅಂತ ಹೇಳುವ ಅಂಕಿಗಳನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೈತಖೋಲದ ಬೋಟಿನಲ್ಲಿ ಮರ, ಬಲೆ, ಹಗ್ಗ, ಜನ ಎಲ್ಲ ನಮ್ಮದೇ. ಕೆಟ್ಟದ್ದು ಉಳಿದ ಒಂದು ಪಾಲು. ಇಂಜಿನ್, ಅದರ ಲೋಹ, ಸೀಲು, ಕಂಪ್ಯೂಟರಿನ ಒಳಗಿನ ಸಾಫ್ಟ್‌ವೇರ್: ಹಡಗನ್ನು ನಿಲ್ಲಿಸುವ ಶಕ್ತಿ ಇವಕ್ಕಿದೆ. ದುಡ್ಡು ಅಲ್ಲಿಗೆ ಹೋಗಲಿ. ಹಾಸಿಗೆ ಎಲ್ಲಿಂದ ಬೇಕಾದರೂ ಬರಲಿ. ಹೊರಗಿನವರಿಂದ ಕೊಳ್ಳುವಾಗ ಬೆಲೆ ಇಳಿಸಲು ಜಗ್ಗಾಡುವ ಹೊತ್ತಿನಲ್ಲಿ ಅರ್ಧವನ್ನಾದರೂ, ರಿಪೇರಿ ಮಾಡುವ ಹಕ್ಕು ನಮಗೆ ಇರುತ್ತದಾ, ಬಿಡಿಭಾಗ ಇಲ್ಲಿ ಮಾಡಬಹುದಾ ಅಂತ ಬರೆಸಿಕೊಳ್ಳಲು ಜಗ್ಗಾಡಬೇಕು. ಅಗ್ಗದ ಹಡಗಿಗೆ ದುಬಾರಿ ಸೀಲು ಹಾಕಿ ಹಾಕಿ ಸಾಕಾದವನ ಮಾತು ಇದು.

ನಿಮ್ಮ ತಮ್ಮನಿಗೆ ಹೇಳಿ, ಡಿಪ್ಲೊಮಾ ಆದ ಮೇಲೆ ಲೋಹಶಾಸ್ತ್ರದ ಕಡೆ ತಿರುಗಲಿ. ಅದು ಆಗದಿದ್ದರೆ ವೆಲ್ಡಿಂಗ್‌ನಲ್ಲಿ ಮೇಲಿನ ಹಂತದ ಸರ್ಟಿಫಿಕೇಟ್, ಇಲ್ಲವೇ ಲೋಹವನ್ನು ಒಡೆಯದೆ ಪರೀಕ್ಷೆ ಮಾಡುವ ವಿದ್ಯೆ. ಅಲ್ಟ್ರಾಸೌಂಡ್, ಎಕ್ಸ್‌ರೇ ಹಾಕಿ ಬಿರುಕು ಹುಡುಕುವ ಕೆಲಸ ಅದು. ಸೀಬರ್ಡ್‌ನಲ್ಲಿ ಹಡಗನ್ನು ನೀರಿನಿಂದ ಮೇಲೆತ್ತುವ ಶಿಪ್‌ಲಿಫ್ಟ್ ಇದೆ. 10,000 ಟನ್ ತನಕದ ಹಡಗನ್ನು ಎತ್ತಿ ಒಣ ನೆಲಕ್ಕೆ ತಂದಿಡುತ್ತದೆ. ಅಲ್ಲಿ ಕೆಳಗೆ ನಿಂತು ಬಿರುಕು ಹುಡುಕುವವರು ಎಷ್ಟಿದ್ದರೂ ಸಾಲದು. ಗೋವಾ ಶಿಪ್‌ಯಾರ್ಡ್ ಇದೆ, ಕೈಗಾ ಇದೆ, ಎಲ್ಲ ಎರಡು ತಾಸಿನ ದಾರಿ. ಸಾಫ್ಟ್‌ವೇರ್ ಅಂತ ಬೆಂಗಳೂರು ಬಸ್ಸು ಹತ್ತುವ ಮೊದಲು ಇದನ್ನು ಒಮ್ಮೆ ನೋಡಲಿ.

ಬೋಟಿನ ಕಥೆ ಅರ್ಧಕ್ಕೇ ಉಳಿಯಿತು. ನಾನು ಆ ಮುರಿದ ಶಾಫ್ಟಿನ ಅಳತೆ ತೆಗೆದು ಬೆಳಗಾವಿಯ ಒಂದು ಲೇತ್ ಅಂಗಡಿಗೆ ಕಳಿಸಿದೆ. ನಾಲ್ಕನೇ ದಿನ ಬಂತು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬೋಟು ಹೊರಟಿತು, ತಾಂಡೇಲರು ಮನೆಗೆ ಇಸವಾಣ ಮೀನು ಕಳಿಸಿದರು. ಡಿಸೆಂಬರ್‌ನಲ್ಲಿ ಅದು ಮತ್ತೆ ಅದೇ ಜಾಗದಲ್ಲಿ ಮುರಿಯಿತು. ಅಳತೆ ಸರಿ ಇತ್ತು, ಉಕ್ಕು ಸರಿ ಇರಲಿಲ್ಲ. ಉಪ್ಪುನೀರಿಗೆ ತಾಳುವ ಜಾತಿಯದ್ದು ಅಲ್ಲ ಅಂತ ಮುರಿದ ಮೇಲೆ ಗೊತ್ತಾಯಿತು. ಎರಡನೇ ಸಲ ಹಳೇ ತುಂಡನ್ನು ಪರೀಕ್ಷೆಗೆ ಕೊಟ್ಟು, ಅದು ಯಾವ ಉಕ್ಕು ಅಂತ ತಿಳಿದು, ಅಂಥದ್ದನ್ನೇ ಹುಡುಕಿ ಮಾಡಿಸಿದೆವು. ಖರ್ಚು ಮೂರು ಪಟ್ಟು ಬಂತು, ತಾಂಡೇಲರು ಗೊಣಗಿದರು. ಅದು ಈಗ ಮೂರನೇ ಸೀಸನ್ ಓಡುತ್ತಿದೆ. ಇನ್ನೆರಡು ಬೋಟಿನವರು ಅದೇ ಬೇಕು ಅಂತ ಫೋನ್ ಮಾಡಿದ್ದಾರೆ.